ಮೊಳೆ ತುಂಬುವ ತನಕ ಕುರ್ಚಿ ಬಿಡದ ಮುನಿಯಪ್ಪ

ಬೆಳಗಿನ ಐದೂಕಾಲು. ವಿಶಾಖಪಟ್ಟಣದ ಬೀಚ್ ರಸ್ತೆಯ ‘ಪೂರ್ವತರಂಗ’ ಹೋಟೆಲಿನ ಅತಿಥಿಗಳೆಲ್ಲ ಇನ್ನೂ ಹೊದ್ದು ಮಲಗಿದ್ದಾರೆ. ಸಮುದ್ರದ ಕಡೆಗಿರುವ ಸಣ್ಣ ಕಬ್ಬಿಣದ ಗೇಟನ್ನು ಮುನಿಯಪ್ಪ ಮೊಣಕಾಲಿನಿಂದ ಒತ್ತಿ ತೆರೆಯುತ್ತಾರೆ. ಉಪ್ಪುಗಾಳಿಗೆ ತುಕ್ಕು ತಿಂದ ಗೇಟು ಬರಿಗೈಗೆ ಬಗ್ಗುವುದಿಲ್ಲ. ಖಾಕಿ ಚಡ್ಡಿ, ತೋಳಿಲ್ಲದ ಬನಿಯನ್, ಕೊರಳಲ್ಲಿ ಸೀಟಿ, ಹೆಗಲಲ್ಲಿ ಹಗ್ಗದ ಸುರುಳಿ. ಗೇಟಿನ ಪಕ್ಕದ ಗೋಡೆಗೆ ಒಂದು ಹಲಗೆ ತಗುಲಿಹಾಕುತ್ತಾರೆ. ಹಲಗೆಯಲ್ಲಿ ನಲವತ್ತೆಂಟು ಮೊಳೆ, ಒಂದೊಂದು ಮೊಳೆಗೂ ಒಂದೊಂದು ತಗಡಿನ ಬಿಲ್ಲೆ. ಬಿಲ್ಲೆಯ ಮೇಲೆ ಉಳಿಯಿಂದ ಕೊರೆದ ಅಂಕಿ, ಮೇಲ್ತುದಿಯ ತೂತಿಗೆ ಪೋಣಿಸಿದ ದಾರ.

ಆಮೇಲೆ ನೀರಿನಂಚಿಗೆ ಹೋಗಿ, ಒಣಗಿದ ತೆಂಗಿನ ಸಿಪ್ಪೆಯೊಂದನ್ನು ಅಲೆಯ ಆಚೆಗೆ ಬೀಸಿ ಎಸೆದು, ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾರೆ. ಸಿಪ್ಪೆ ತೇಲುತ್ತದೆ, ಮುಳುಗುತ್ತದೆ, ಮತ್ತೆ ಏಳುತ್ತದೆ. ನಾನು ನೋಡುವಾಗ ಅದಕ್ಕೆ ಯಾವ ಗೊತ್ತುಗುರಿಯೂ ಇದ್ದಂತೆ ಕಾಣಲಿಲ್ಲ. ಮುನಿಯಪ್ಪ ಮಾತ್ರ ಐದು ನಿಮಿಷ ಕಣ್ಣು ಮಿಟುಕಿಸದೆ ನೋಡಿ, ಎರಡು ಬಿದಿರು ಗಳುಗಳನ್ನು ತಂದು, ಅವುಗಳ ತುದಿಗೆ ಕೆಂಪು ಬಟ್ಟೆ ಕಟ್ಟಿ, ಮೂವತ್ತು ಹೆಜ್ಜೆ ಅಂತರದಲ್ಲಿ ಮರಳಿಗೆ ನೆಟ್ಟರು.

“ಇವತ್ತು ಬಲಗಡೆ ಎಳೀತಾ ಅದೆ ಸೋಮಿ. ಆ ಕಪ್ಪು ಬಂಡೆ ತಾವ ಅಡೀಗೆ ಮರಳು ಕೊರ್ದುಬಿಟ್ಟದೆ. ಈ ಎರಡು ಗಳುಗಳ ಮಧ್ಯದಾಗೆ ಮಾತ್ರ ಇಳೀಬೇಕು, ಸೊಂಟದ ಮಟ್ಟ ನೀರು ದಾಟಬಾರ್ದು. ನಾಳೆ ಬೇರೆ ಜಾಗ. ದಿನಾ ಒಂದೇ ಕಡೆ ಇರಲ್ಲ ಅದು.”

ಹೇಳುತ್ತಲೇ ಹದಿನೇಳನೇ ನಂಬರಿನ ಬಿಲ್ಲೆ ತೆಗೆದು ನನ್ನ ಮಣಿಕಟ್ಟಿಗೆ ಕಟ್ಟಿದರು. ನೀರಿಗೆ ಇಳಿಯುವ ಪ್ರತಿ ತಲೆಗೂ ಒಂದು ಬಿಲ್ಲೆ. ಬಂದ ಮೇಲೆ ಅದನ್ನು ಅವರ ಕೈಗೇ ಕೊಡಬೇಕು. ಮೊಳೆ ಖಾಲಿ ಇದ್ದರೆ ಒಬ್ಬರು ಇನ್ನೂ ನೀರಿನಲ್ಲಿದ್ದಾರೆ ಎಂದರ್ಥ. ನಲವತ್ತೆಂಟೂ ತುಂಬುವ ತನಕ ಮುನಿಯಪ್ಪ ಕುರ್ಚಿ ಬಿಡುವುದಿಲ್ಲ, ಹೊಟ್ಟೆಗೂ ಏನೂ ತೆಗೆದುಕೊಳ್ಳುವುದಿಲ್ಲ. ಹದಿನೇಳು ವರ್ಷದಿಂದ ಬೆಳಿಗ್ಗೆ ಹತ್ತರ ತನಕ, ಮತ್ತೆ ಸಂಜೆ ನಾಲ್ಕರಿಂದ ಆರೂವರೆ ತನಕ ಅವರು ಇಲ್ಲಿ ಕೂತಿದ್ದಾರೆ. ಈ ಮಾರ್ಚ್ ಮೂವತ್ತೊಂದಕ್ಕೆ ಅವರ ನಿವೃತ್ತಿ. ಕುರ್ಚಿಗೆ ಬೇರೆ ಯಾರನ್ನೂ ಹಾಕುವ ಯೋಚನೆ ಹೋಟೆಲಿನವರಿಗಿಲ್ಲ, ಎಚ್ಚರಿಕೆಯ ಬೋರ್ಡು ಸಾಕೆಂದಿದ್ದಾರೆ. ವಿಜಯವಾಡದಲ್ಲಿರುವ ಒಬ್ಬಳೇ ಮಗಳು ಬಾ ಎಂದು ಕರೆಯುತ್ತಿದ್ದಾಳೆ. ಇವರು ಹೋಗಲೊಲ್ಲರು. ನಾನು ಅಲ್ಲಿದ್ದ ಮೂರು ದಿನವೂ ಅವರ ಮನಸ್ಸಿನಲ್ಲಿ ಓಡುತ್ತಿದ್ದದ್ದು ಈ ಒಂದೇ ಸಂಗತಿ.

ನಾನು ಅಲ್ಲಿಗೆ ಹೋದದ್ದು ಇವರನ್ನು ಹುಡುಕಿಕೊಂಡು ಅಲ್ಲ. ನನ್ನ ತಂಗಿಯ ಗಂಡ ಶಂಕರ ನೌಕಾಪಡೆಯಲ್ಲಿ ಪೆಟಿ ಆಫೀಸರ್. ಅವರ ಕ್ವಾರ್ಟರ್ಸಿನಲ್ಲಿ ಇರುವುದು ಒಂದೂವರೆ ಕೋಣೆ, ಅದರಲ್ಲಿ ಎರಡು ಮಕ್ಕಳು, ಆ ಮಕ್ಕಳಿಗೆ ಪರೀಕ್ಷೆ. ಅದಕ್ಕೇ ಈ ಹೋಟೆಲು ಹಿಡಿದೆ. ಮೂರು ಅಂತಸ್ತಿನ ಸಾಧಾರಣ ಹೋಟೆಲು. ಸಮುದ್ರಕ್ಕೆ ಮುಖ ಮಾಡಿದ ರೂಮುಗಳಲ್ಲಿ ಕಿಟಕಿಯ ಚಿಲಕ ಒಂದೋ ಹಾಕಲು ಬರುವುದಿಲ್ಲ, ಇಲ್ಲವೇ ತೆಗೆಯಲು ಬರುವುದಿಲ್ಲ. ಬಚ್ಚಲಿನಲ್ಲಿ ಎಷ್ಟು ತೊಳೆದರೂ ಹೋಗದ ಮರಳು. ಬೆಳಗಿನ ಪೆಸರಟ್ಟು ಮಾತ್ರ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಮೊದಲ ದಿನ ಗೇಟಿನಲ್ಲಿ ಬಿಲ್ಲೆ ಎಣಿಸುತ್ತಾ “ಹನ್ನೊಂದು, ಹನ್ನೆರಡು, ಹದಿಮೂರು” ಎಂದು ಗೊಣಗುತ್ತಿದ್ದವರನ್ನು ಕಂಡು ಕಿವಿ ನೆಟ್ಟಗಾಯಿತು. ಯಾವೂರು ಎಂದು ಕೇಳಿದೆ. ಮುಳಬಾಗಿಲು ತಾಲ್ಲೂಕು ಎಂದರು.

“ತೆಲುಗು ಚೆನ್ನಾಗಿ ಬತ್ತದೆ. ಹಿಂದಿ, ಬಂಗಾಳಿನೂ ಒಂದಿಷ್ಟು ಬತ್ತದೆ. ಎಣಿಸಾದು ಮಾತ್ರ ಕನ್ನಡದಾಗೇ. ಬೇರೆ ಭಾಷೇಲಿ ಎಣಿಸಿದ್ರೆ ನಂಗೇ ನಂಬ್ಕೆ ಬರಲ್ಲ” ಎಂದು ನಕ್ಕರು. ಭಾನುವಾರ ನೌಕಾಪಡೆಯ ಕನ್ನಡದ ಸಂಸಾರಗಳು ಬೀಚಿಗೆ ಬಂದಾಗ ನಾಲ್ಕು ಮಾತು ಕಿವಿಗೆ ಬೀಳುವುದು ಬಿಟ್ಟರೆ, ಅವರಿಗೆ ಕನ್ನಡ ಎಂದರೆ ಈ ಎಣಿಕೆಯೇ.

ಮುಳಬಾಗಿಲಿನವರಿಗೂ ಸಮುದ್ರಕ್ಕೂ ಎಲ್ಲಿಂದೆಲ್ಲಿಯ ನಂಟು? ಮುನಿಯಪ್ಪನವರದು ಕಲ್ಲು ಒಡೆಯುವ ಮನೆತನ. ಊರಿನಲ್ಲಿ ಆಳದ ಬಾವಿಗೆ ಕೊಡ ಬಿದ್ದರೂ ಕರು ಬಿದ್ದರೂ ಇವರನ್ನೇ ಕರೆಯುತ್ತಿದ್ದರು. ಉಸಿರು ಕಟ್ಟಿ ತಳ ಮುಟ್ಟಿ ಬರುವುದು ಹನ್ನೆರಡನೇ ವಯಸ್ಸಿಗೇ ಬರುತ್ತಿತ್ತಂತೆ. ಅರವತ್ತಮೂರನೇ ಇಸವಿಯಲ್ಲಿ ಕಲ್ಲಿನ ಮೇಸ್ತ್ರಿಯೊಬ್ಬನ ಹಿಂದೆ ಬಂದರಿನ ಕೆಲಸಕ್ಕೆಂದು ಇಲ್ಲಿಗೆ ಬಂದರು. ಕೆಲಸದ ಜಾಗದಲ್ಲಿ ಊಟದ ಅಂಗಡಿ ಇಟ್ಟಿದ್ದ ವಿಜಯವಾಡದ ಹೆಂಗಸಿನ ತಂಗಿಯ ಮಗಳು ಸೀತಾಮಹಾಲಕ್ಷ್ಮಿಯನ್ನು ಮದುವೆಯಾದರು. ಅರವತ್ತೇಳರಲ್ಲಿ ಮಗಳು ರಾಜ್ಯಲಕ್ಷ್ಮಿ ಹುಟ್ಟಿದಳು. ಎಪ್ಪತ್ತೇಳರಲ್ಲಿ ಈ ಹೋಟೆಲು ಶುರುವಾದಾಗ ಈಜು ಬಲ್ಲ ಕಾವಲುಗಾರ ಬೇಕೆಂದರು, ಇವರು ಸೇರಿಕೊಂಡರು.

ಎರಡು ವರ್ಷಕ್ಕೆ ಸೀತಾಮಹಾಲಕ್ಷ್ಮಿ ಜ್ವರಕ್ಕೆ ತೀರಿಕೊಂಡರು. ಹನ್ನೆರಡು ವರ್ಷದ ಹುಡುಗಿಯನ್ನು ಹೋಟೆಲಿನವರು ಕೊಟ್ಟ ಜನರೇಟರ್ ಪಕ್ಕದ ಕೋಣೆಯಲ್ಲಿ ಒಬ್ಬಳನ್ನೇ ಬಿಟ್ಟು ಬೆಳಿಗ್ಗೆ ಸಂಜೆ ಸಮುದ್ರ ಕಾಯುವುದು ಹೇಗೆ? ಅಜ್ಜಿ ಬಂದು ಮೊಮ್ಮಗಳನ್ನು ವಿಜಯವಾಡಕ್ಕೆ ಕರೆದುಕೊಂಡು ಹೋದರು. ಅಂದಿನಿಂದ ಹದಿನೈದು ವರ್ಷ ಮುನಿಯಪ್ಪ ಒಬ್ಬರೇ. ವರ್ಷಕ್ಕೆ ಎರಡು ಸಲ ಮಗಳ ಊರಿಗೆ ಹೋಗಿ ಎರಡೆರಡು ದಿನ ಇದ್ದು ಬರುತ್ತಾರೆ. ಮೂರನೇ ದಿನಕ್ಕೆ ಇಲ್ಲಿ ಯಾರು ನೀರಿಗಿಳಿದರೋ ಎಂಬ ಚಿಂತೆ ಹತ್ತಿಬಿಡುತ್ತದೆ.

ಬಿಲ್ಲೆಯ ಹಿಂದೆ ಒಂದು ಕಥೆಯಿದೆ. ಅದನ್ನು ಅವರು ಸುಲಭಕ್ಕೆ ಹೇಳುವುದಿಲ್ಲ. ನಾನು ಕೇಳಿದ್ದಕ್ಕೆ ಹಗ್ಗದ ಗಂಟು ಬಿಚ್ಚಿ, ಮತ್ತೆ ಹಾಕಿ, ಮತ್ತೆ ಬಿಚ್ಚಿ, ಆಮೇಲೆ ಬಾಯಿ ತೆರೆದರು. ಮೊದಲು ಬಿಲ್ಲೆ ಇರಲಿಲ್ಲವಂತೆ, ರೂಮಿನ ಬೀಗದ ಕೈ ಇತ್ತಂತೆ. ನೀರಿಗೆ ಇಳಿಯುವವರು ಬೀಗದ ಕೈಯನ್ನು ಮೊಳೆಗೆ ಹಾಕಿ ಹೋಗಬೇಕು, ಹೊರಡುವಾಗ ತೆಗೆದುಕೊಂಡು ಹೋಗಬೇಕು. ಎಂಬತ್ತಮೂರರ ಡಿಸೆಂಬರಿನಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿತ್ತು.

“ಆಯಮ್ಮಂಗೆ ಚಳಿ ಆಯ್ತು. ಬೀಗದ ಕೈ ತಕ್ಕೊಂಡು ಮೇಲಕ್ಕೆ ಹೋಗವ್ಳೆ. ಆಗ ನಾನು ಆ ಕಡೆ ಒಂದು ಮಗೂನ ದಡಕ್ಕೆ ತರ್ತಾ ಇದ್ದೆ, ನೋಡ್ಲಿಲ್ಲ. ಬಂದು ನೋಡ್ತೀನಿ, ಮೊಳೇಲಿ ಬೀಗದ ಕೈ ಇಲ್ಲ. ಇಬ್ರೂ ಹೋದ್ರು ಅಂದ್ಕೊಂಡು ಟೀ ಕುಡಿಯಾಕೆ ಹೋದೆ. ಆ ಹುಡುಗ ನೀರಾಗೇ ಇದ್ದ ಸೋಮಿ.”

ಮಾರನೇ ದಿನ ಬೆಸ್ತರು ಅವನನ್ನು ತಂದು ಮಲಗಿಸಿದರು. ಮುನಿಯಪ್ಪನನ್ನು ಯಾರೂ ಬೈಯಲಿಲ್ಲ. ಆ ಹುಡುಗಿಯಂತೂ ಇವರತ್ತ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅವರಿಗೆ ಅನಿಸುತ್ತದೆ. ಆ ವಾರವೇ ಬಣ್ಣದ ಡಬ್ಬಗಳನ್ನು ಕತ್ತರಿಸಿ, ಕಲ್ಲು ಕೆತ್ತುವ ಉಳಿಯಿಂದ ಅಂಕಿ ಹೊಡೆದು ನಲವತ್ತೆಂಟು ಬಿಲ್ಲೆ ಮಾಡಿದರು. ರೂಮಿಗೊಂದು ಲೆಕ್ಕ ಹೋಗಿ ತಲೆಗೊಂದು ಲೆಕ್ಕ ಬಂತು. ಆಮೇಲಿನ ಹತ್ತು ವರ್ಷದಲ್ಲಿ ಈ ಗೇಟಿನಿಂದ ಇಳಿದವರೆಲ್ಲ ಇದೇ ಗೇಟಿಗೆ ಮರಳಿದ್ದಾರೆ.

ಮಾರ್ಚಿನಲ್ಲಿ ದಿನಕ್ಕೆ ಇಪ್ಪತ್ತೈದು ಮೂವತ್ತು ಜನ ಇಳಿಯುತ್ತಾರೆ. ದಸರೆಯಿಂದ ಜನವರಿ ತನಕ ಬಂಗಾಳದವರ ಕಾಲ. ಆಗ ನಲವತ್ತೆಂಟೂ ಖರ್ಚಾಗಿ, ಉಳಿದವರು ಸಾಲಿನಲ್ಲಿ ನಿಲ್ಲಬೇಕು. ನೀರಿನಿಂದ ಎಳೆದು ತಂದವರು ಎಷ್ಟು ಜನ ಎಂದು ಕೇಳಿದೆ. ಅದನ್ನು ಎಣಿಸಿಲ್ಲ ಎಂದರು. ಹೋಟೆಲಿನ ದೂರು ಪುಸ್ತಕದಲ್ಲಿ ಮಾತ್ರ ಅವರ ಹೆಸರು ಧಾರಾಳವಾಗಿದೆ. ಮ್ಯಾನೇಜರ್ ಜಗನ್ಮೋಹನ್ ನನಗೆ ತೆರೆದು ತೋರಿಸಿದರು. ಕಾವಲುಗಾರ ಸುಮ್ಮಸುಮ್ಮನೆ ಸೀಟಿ ಊದುತ್ತಾನೆ, ಮಕ್ಕಳ ಖುಷಿ ಹಾಳುಮಾಡಿದ, ಹೆಂಗಸರೆದುರು ನನ್ನ ಕೈ ಹಿಡಿದೆಳೆದ. ಮೆಚ್ಚುಗೆಯ ಒಂದು ಸಾಲು ಸಿಗಬಹುದೆಂದು ಪುಟ ತಿರುಗಿಸಿದ್ದೇ ಬಂತು.

ಅವರ ಕೆಲಸವೇ ಅಂಥದ್ದು. ನೀರಿನಲ್ಲಿರುವವರೆಲ್ಲ ಸಮುದ್ರದ ಕಡೆ ಮುಖ ಮಾಡಿರುತ್ತಾರೆ. “ನಾನು ನೋಡಾದೆಲ್ಲ ಬೆನ್ನೇ ಸೋಮಿ. ಹಿಂದ್ಲೆ ನೋಡಿ ಇದು ಮೂವತ್ತನೇ ನಂಬ್ರು, ಇದು ನಾಲ್ಕು ಅಂತ ಗುರ್ತು ಹಿಡೀತೀನಿ. ಮಧ್ಯಾಹ್ನ ಊಟದ ಹಾಲ್‌ನಾಗೆ ಎದುರಿಗೆ ಬಂದ್ರೆ ನಂಗೆ ಅವರ ಗುರ್ತಾಗಲ್ಲ, ಅವರಿಗೆ ನನ್ನ ಗುರ್ತಾಗಲ್ಲ.” ಇದನ್ನು ಅವರು ತಮಾಷೆಗೆಂದೇ ಹೇಳಿದರು. ನನಗೆ ನಗು ಬರಲಿಲ್ಲ.

ಎರಡನೇ ದಿನ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯದಿದ್ದರೆ ಈ ಲೇಖನ ಸುಳ್ಳಾಗುತ್ತದೆ. ಆರೂವರೆಗೆ ಅದೇ ಹದಿನೇಳನೇ ಬಿಲ್ಲೆ ಕಟ್ಟಿಸಿಕೊಂಡು ನೀರಿಗಿಳಿದೆ. ಚಪ್ಪಲಿಯನ್ನು ಎಲ್ಲರಂತೆ ಗೇಟಿನ ಬಳಿ ಬಿಟ್ಟಿದ್ದೆ. ಅರ್ಧ ಗಂಟೆ ಆಡಿ, ದಡಕ್ಕೆ ಬಂದು, ತೇವದ ಮರಳಿನ ಮೇಲೆ ನಡೆಯುತ್ತಾ ನಡೆಯುತ್ತಾ ಉತ್ತರಕ್ಕೆ ಬಹಳ ದೂರ ಹೋಗಿಬಿಟ್ಟೆ. ಅಲ್ಲಿ ರಸ್ತೆಯ ಮೇಲೆ ಸ್ಕೂಟರ್ ನಿಲ್ಲಿಸಿಕೊಂಡು ಶಂಕರ ಕೈ ಬೀಸುತ್ತಿದ್ದಾನೆ. ಗದಗಿನವನು, ದನಿ ಮೊದಲೇ ದೊಡ್ಡದು. “ಏನ್ರೀ ಭಾವಾ, ಎಲ್ಲಿಗೆ ಹೊಂಟೀರಿ? ಬರ್ರಿ ಬರ್ರಿ, ಉಪ್ಪಿಟ್ಟು ಆರತೈತಿ. ನಿಮ್ಮ ತಂಗಿ ನನ್ನ ಬೈತಾಳ” ಎಂದ. ಬರಿಗಾಲಿನಲ್ಲೇ ಸ್ಕೂಟರ್ ಹತ್ತಿದೆ. ಕಚಗುಳಿಯಿಡುತ್ತಿದ್ದ ಬಿಲ್ಲೆಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡೆ, ಶಂಕರನ ಒಣ ಪಂಚೆ ಉಟ್ಟು ಮಕ್ಕಳಿಗೆ ಗಣಿತ ಹೇಳಿಕೊಟ್ಟೆ. ಬಿಲ್ಲೆಯ ನೆನಪು ಒಂದು ಕ್ಷಣಕ್ಕೂ ಬರಲಿಲ್ಲ.

ಒಂಬತ್ತೂವರೆಗೆ ಶಂಕರ ನನ್ನನ್ನು ಹೋಟೆಲಿನ ಮುಂಬಾಗಿಲಿಗೆ ತಂದು ಬಿಟ್ಟ. ಹಿಂದಿನ ಕಡೆ ಗಲಾಟೆ ಕೇಳಿಸಿತು. ಹೋಗಿ ನೋಡುತ್ತೇನೆ, ದಡದಲ್ಲಿ ಜನ ಸೇರಿದ್ದಾರೆ. ಇಬ್ಬರು ಬೆಸ್ತರು ಹಗ್ಗ ಹಿಡಿದು ನಿಂತಿದ್ದಾರೆ. ಹಗ್ಗದ ಇನ್ನೊಂದು ತುದಿ ಮುನಿಯಪ್ಪನ ಸೊಂಟಕ್ಕಿದೆ. ಆ ಕಪ್ಪು ಬಂಡೆಯ ಹತ್ತಿರ ಅವರು ಮುಳುಗುತ್ತಾರೆ, ಏಳುತ್ತಾರೆ, ಬಾಯಿ ತೆರೆದು ಉಸಿರೆಳೆದುಕೊಂಡು ಮತ್ತೆ ಮುಳುಗುತ್ತಾರೆ. ಯಾರು ಮುಳುಗಿದರು ಎಂದು ಪಕ್ಕದವರನ್ನು ಕೇಳಿದೆ. ಯಾರೋ ಕನ್ನಡದವರಂತೆ, ಹದಿನೇಳನೇ ನಂಬರಂತೆ ಎಂದರು.

ಕೂಗಿಕೊಂಡು ನೀರಿನ ತನಕ ಓಡಿದೆ. ಬೆಸ್ತರು ಹಗ್ಗ ಎಳೆದರು. ಮುನಿಯಪ್ಪ ಎದ್ದು ಬಂದರು, ನಾಲ್ಕು ಹೆಜ್ಜೆ ನಡೆದು ಮರಳಿನ ಮೇಲೆ ಕೂತರು. ತುಟಿ ನೀಲಿಗಟ್ಟಿತ್ತು, ಮೊಣಕೈ ಬಂಡೆಗೆ ತರಚಿ ರಕ್ತ ಬರುತ್ತಿತ್ತು. ನನ್ನನ್ನು ಕಂಡು ಒಂದೇ ಮಾತು ಕೇಳಿದರು: “ಬಂದ್ರಾ?”

ಬೈಯುವ ಕೆಲಸವನ್ನು ಗಂಗಾಭವಾನಿ ವಹಿಸಿಕೊಂಡರು. ಅವರು ಹೋಟೆಲಿನಲ್ಲಿ ಕಸ ಗುಡಿಸುವ ಹೆಂಗಸು. ನಲವತ್ತರ ವಯಸ್ಸು, ಗಂಟಲು ಮಾತ್ರ ಅಲೆಯ ಸದ್ದನ್ನೂ ಮೀರಿಸುವಂಥದ್ದು. “ಬುದ್ಧಿ ಉಂದಾ ಮೀಕು?”, ಬುದ್ಧಿ ಇದೆಯಾ ನಿಮಗೆ, ಎಂದು ಶುರುಮಾಡಿ, ಓದಿದವರ ಕಥೆಯೇ ಇಷ್ಟು ಎನ್ನುವ ತನಕ ತೆಲುಗಿನಲ್ಲಿ ನನ್ನ ಜನ್ಮ ಜಾಲಾಡಿದರು. ಅಷ್ಟೂ ನನಗೆ ಸಲ್ಲಬೇಕಾದದ್ದೇ. ತಲೆ ತಗ್ಗಿಸಿ ನಿಂತು ಕೇಳಿದೆ. ಎರಡು ಗಂಟೆ ಕಾಲ ಆ ಹಿರಿಯರು ನನ್ನ ಹೆಣ ಹುಡುಕಿದ್ದರು. ನಾನು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುತ್ತಿದ್ದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಅಂದು ಮಧ್ಯಾಹ್ನ ಮ್ಯಾನೇಜರರ ಕೋಣೆಗೆ ಹೋದೆ. ಈ ಕುರ್ಚಿಗೆ ಒಬ್ಬರು ಬೇಕೇ ಬೇಕು, ಅರವತ್ತರ ಮನುಷ್ಯನನ್ನು ಹೀಗೆ ದುಡಿಸಿಕೊಂಡು ಕೊನೆಗೆ ಬೋರ್ಡು ಹಾಕಿ ಕೈತೊಳೆದುಕೊಳ್ಳುತ್ತೀರಾ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಜಗನ್ಮೋಹನ್ ಕೆಟ್ಟವರಲ್ಲ, ನನಗೆ ಮಜ್ಜಿಗೆ ತರಿಸಿದರು. “ಸರ್, ಬೇರೆ ಯಾವ ಹೋಟೆಲಿನಲ್ಲಿ ಈ ಪೋಸ್ಟ್ ಇದೆ ಹೇಳಿ. ನಾಲ್ಕು ಭಾಷೆಯಲ್ಲಿ ಬೋರ್ಡು ಬರೆಸಿದ್ದೇವೆ, ನಿಮ್ಮ ಕನ್ನಡ ಬೇಕಾದರೆ ಐದು ಮಾಡಿಸೋಣ. ಮತ್ತೆ, ನೀವು ವಾಪಸ್ ಬಂದಿದ್ದೀರಲ್ಲ? ತೊಂದರೆ ಏನಾಯಿತು?” ಎಂದರು. ಮಜ್ಜಿಗೆ ಕುಡಿದು ಎದ್ದು ಬಂದೆ.

ಸಂಜೆ ಮುನಿಯಪ್ಪ ಮೊಣಕೈಗೆ ಅರಿಸಿನ ಹಚ್ಚಿಕೊಂಡು ಕುರ್ಚಿಯಲ್ಲಿದ್ದರು. ಕಣ್ಣು ಮತ್ತೆ ಮತ್ತೆ ಮೊಳೆಯ ಹಲಗೆಯತ್ತ ಹೋಗುತ್ತಿತ್ತು. ನನ್ನ ಮೇಲಿನ ಸಿಟ್ಟು ಇರಬೇಕೆಂದುಕೊಂಡೆ. ಆಮೇಲೆ ಅವರೇ ಹೇಳಿದರು, “ಬೆಳಿಗ್ಗೆ ನಾನು ನೀರಾಗಿದ್ದಾಗ ಏಳು ಜನ ದಡಕ್ಕೆ ಬಂದವ್ರೆ. ಏಳೂ ಬಿಲ್ಲೆ ಮೊಳೇಲಿ ಅದೆ. ನಾನು ಯಾರ್ಗೂ ಹೇಳಿರ್ಲಿಲ್ಲ.” ಕಸಬರಿಗೆ ಪಕ್ಕಕ್ಕಿಟ್ಟು ಕುರ್ಚಿಯಲ್ಲಿ ಕೂತು, ಉಳಿದವರನ್ನು ಕೂಗಿ ಕರೆದು, ಒಬ್ಬೊಬ್ಬರ ಬಿಲ್ಲೆಯನ್ನೂ ತೆಗೆದುಕೊಂಡು ಅದರದರ ಮೊಳೆಗೆ ಹಾಕಿದ್ದು ಗಂಗಾಭವಾನಿ. ಹನ್ನೊಂದು ವರ್ಷದಿಂದ ಇವರ ಕೆಲಸವನ್ನು ನೋಡುತ್ತಲೇ ಕಸ ಗುಡಿಸಿದ್ದಾರೆ, ಎಲ್ಲ ಕಲಿತಿದ್ದಾರೆ.

ಈ ಹೆಂಗಸನ್ನು ಮುನಿಯಪ್ಪ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕಾರಣ, ಆಕೆಗೆ ಈಜು ಬಾರದು. ಕುರ್ಚಿಯಲ್ಲಿ ಕೂರುವವರಿಗೆ ಈಜು ಬರಲೇಬೇಕೆಂಬುದು ಅವರ ಹಟ. ಆ ಹಟ ಅಂದು ಸಂಜೆ ಸ್ವಲ್ಪ ಅಲುಗಾಡಿತು. ನೀರಿನ ಕಡೆ ನೋಡುತ್ತಾ ಹೇಳಿದರು, “ನಂಗೆ ಈಜು ಬತ್ತದೆ ಅನ್ನೋ ಧೈರ್ಯದಾಗೆ ಕೂಗಾದು ತಡ ಮಾಡ್ತಿದ್ನೇನೋ. ಆಯಮ್ಮಂಗೆ ಬರಲ್ಲ. ಅದ್ಕೇ ಸೊಂಟದ ಮಟ್ಟ ನೀರು ದಾಟಾಕ್ಮುಂಚೇನೇ ಕೂಗ್ತಾಳೆ. ಬೆಸ್ತರು ಇಲ್ಲೇ ಇರ್ತಾರೆ, ಓಡಿಬತ್ತಾರೆ.” ಕುರ್ಚಿಯನ್ನು ಆಕೆಗೇ ಕೊಡಿ ಎಂದು ಕೇಳಲು ಮ್ಯಾನೇಜರರ ಹತ್ತಿರ ಈ ಸಲ ಅವರೇ ಹೋದರು. ಹೊಸಬರ ನೇಮಕದ ಮಾತಿಲ್ಲದ ಕಾರಣ ಜಗನ್ಮೋಹನ್ ತಕರಾರು ಮಾಡಲಿಲ್ಲ. ಗೇಟಿನ ಹೊತ್ತು ಮುಗಿದ ಮೇಲೆ ಗಂಗಾಭವಾನಿ ಕಸ ಗುಡಿಸಲಿ ಎಂದರು.

ಮೂರನೇ ದಿನ ಬೆಳಿಗ್ಗೆ ಕುರ್ಚಿಯಲ್ಲಿ ಗಂಗಾಭವಾನಿ ಕೂತಿದ್ದಾರೆ. ಐದು ಹೆಜ್ಜೆ ಹಿಂದೆ ಮುನಿಯಪ್ಪ ನಿಂತಿದ್ದಾರೆ, ಕೈಗೆ ಏನು ಮಾಡಬೇಕೆಂದೇ ತಿಳಿದಂತಿಲ್ಲ. ಸಿಪ್ಪೆ ಎಸೆದು ಗಳು ನೆಟ್ಟದ್ದು ಆಕೆಯೇ. ಇವರು ಒಂದು ಗಳುವನ್ನು ಕಿತ್ತು ಎರಡು ಹೆಜ್ಜೆ ಎಡಕ್ಕೆ ಸರಿಸಿದರು. ಆಕೆ ಸೀದಾ ಹೋಗಿ ಅದನ್ನು ಮೊದಲಿನ ಜಾಗದಲ್ಲೇ ಮತ್ತೆ ನೆಟ್ಟು ಬಂದರು. ಸಿಪ್ಪೆ ಹೋದ ದಾರಿ ನೋಡಿದರೆ ಆಕೆಯ ಲೆಕ್ಕವೇ ಸರಿ. ಮುನಿಯಪ್ಪ ನನ್ನ ಕಡೆ ನೋಡಿ ಹುಬ್ಬೇರಿಸಿದರು. ಅದರಲ್ಲಿ ಹೆಮ್ಮೆಯೂ ಇತ್ತು, ಬೇರೇನೋ ಇತ್ತು.

ಹಾಗಾದರೆ ಇನ್ನೇನು, ವಿಜಯವಾಡಕ್ಕೆ ಹೊರಡಬಹುದಲ್ಲ ಎಂದೆ. ಇಲ್ಲವೆಂದು ತಲೆ ಆಡಿಸಿದರು. ಬೆಸ್ತರ ಕೇರಿಯಲ್ಲಿ ಒಂದು ಕೋಣೆ ನೋಡಿಟ್ಟಿದ್ದಾರಂತೆ. ಒಂದನೇ ತಾರೀಖಿನಿಂದ ಗೇಟಿನ ಆಚೆ, ಹೋಟೆಲಿನದಲ್ಲದ ಮರಳಿನ ಮೇಲೆ ಕೂರುತ್ತಾರಂತೆ.

“ಇನ್ನು ಎಲ್ಲಿಗೆ ಹೋಗ್ಲಿ ಸೋಮಿ? ಮಗ್ಳು ಒಳ್ಳೇವ್ಳು, ಅಳಿಯಾನೂ ಒಳ್ಳೇವ್ನು. ಅಲ್ಲಿ ಎಲ್ರಿಗೂ ಅವರವರ ಕೆಲ್ಸ ಅದೆ. ಬೆಳಿಗ್ಗೆ ಹೋಗ್ತಾರೆ, ಸಾಯಂಕಾಲ ಬತ್ತಾರೆ. ನಾನು ಹೋದ್ರೆಷ್ಟು, ಬಿಟ್ರೆಷ್ಟು. ಹನ್ನೆರಡು ವರ್ಷದ ಕೂಸ್ನ ರೈಲು ಹತ್ತಿಸಿ ಕಳಿಸ್ಬಿಟ್ಟೋನು ನಾನು. ಈಗ ಮುದುಕ ಆದ್ಮೇಲೆ ಬಾಗ್ಲಿಗೆ ಹೋಗಿ ನಿಂತ್ಕೊಳ್ಳಾಕೆ ಮುಖ ಬೇಕಲ್ಲ. ಅಲ್ಲಿ ನನ್ನ ಕಾಯೋರು ಯಾರವ್ರೆ?”

ಅಂದೇ ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ರೈಲಿನಲ್ಲಿದ್ದೆ. ಊರಿಗೆ ಹೇಗೂ ವಿಜಯವಾಡದಲ್ಲಿ ಗಾಡಿ ಬದಲಿಸಬೇಕು, ನಡುವೆ ನಾಲ್ಕು ಗಂಟೆ ಬಿಡುವು. ಮುನಿಯಪ್ಪನವರಿಂದ ವಿಳಾಸ ಕೇಳಿ ಬರೆದುಕೊಂಡಿದ್ದೆ. ಏಕೆ ಎಂದು ಅವರು ಕೇಳಲಿಲ್ಲ. ಸ್ಟೇಷನ್ನಿನಿಂದ ಆಟೊ ಹಿಡಿದು ಬೆಂಜ್ ಸರ್ಕಲ್ ಹಿಂದಿನ ಗಲ್ಲಿಯೊಂದರಲ್ಲಿ ಇಳಿದೆ. ಮೊದಲ ಮಹಡಿಯ ಮೂರು ಕೋಣೆಯ ಮನೆ.

ರಾಜ್ಯಲಕ್ಷ್ಮಿ ಆಗಷ್ಟೇ ಕೆಲಸದಿಂದ ಬಂದು ನರ್ಸಿನ ಬಿಳಿ ಸೀರೆಯಲ್ಲೇ ಒಲೆಯ ಮುಂದಿದ್ದರು. ತಂದೆಯ ಹೆಸರು ಹೇಳಿದ ತಕ್ಷಣ ಗಾಬರಿಯಾದರು. ಏನೂ ಆಗಿಲ್ಲ ಎಂದು ಕೂರಿಸಿ ಹೇಳಬೇಕಾಯಿತು. ಅವರ ಕನ್ನಡ ಹನ್ನೆರಡನೇ ವರ್ಷಕ್ಕೇ ನಿಂತುಹೋದ ಕನ್ನಡ, ನಡುನಡುವೆ ತೆಲುಗು ನುಗ್ಗುತ್ತದೆ. ನಾನು ಮಾಡಿದ ತಪ್ಪನ್ನೂ ಬೆಳಿಗ್ಗೆ ಅವರ ತಂದೆ ಆಡಿದ ಮಾತನ್ನೂ ಮುಚ್ಚಿಡದೆ ಹೇಳಿದೆ. ತಂದೆ ಈಗಲೂ ನೀರಿಗಿಳಿಯುತ್ತಾರೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಬರೀ ಕುರ್ಚಿಯ ಕೆಲಸ ಎಂದು ಹೇಳಿಟ್ಟಿದ್ದರಂತೆ. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಒಲೆ ಆರಿಸಿದರು.

“ಕಾಯೋರು ಯಾರವ್ರೆ ಅಂದ್ರಾ? ನಾನ್ನ ಹಂಗೆ ಅಂದ್ರಾ?” ಎಂದು ಎರಡು ಸಲ ಕೇಳಿದರು. ಅಪ್ಪನನ್ನು ಅವರು ತೆಲುಗಿನಂತೆ ‘ನಾನ್ನ’ ಎನ್ನುತ್ತಾರೆ. ಆಮೇಲೆ ಒಳಗಿನ ಕೋಣೆಯ ಬಾಗಿಲು ತೆರೆದು ತೋರಿಸಿದರು. ಮಂಚ, ಹೊಸ ಚಾಪೆ, ಕಿಟಕಿಗೆ ಪರದೆ. “ನಾಲ್ಕು ವರ್ಷ ಆಯ್ತು ಅಂಡಿ, ಈ ಗದಿ, ಈ ರೂಮು ಯಾರ್ಗೂ ಕೊಟ್ಟಿಲ್ಲ. ಮಕ್ಕಳು ಅಲ್ಲಿ ಓದ್ಕೋತೀವಿ ಅಂದ್ರೂ ಬಿಟ್ಟಿಲ್ಲ. ಅಮ್ಮಮ್ಮ ನನ್ನ ಕರ್ಕೊಂಬಂದಾಗ ಸ್ಟೇಷನ್‌ನಲ್ಲಿ ನಾನ್ನ ಅಳ್ಲಿಲ್ಲ. ನಾನು ಬೇಡ ಅವರಿಗೆ ಅಂತ ಚಿನ್ನಪ್ಪುಡು, ಚಿಕ್ಕೋಳಿದ್ದಾಗ, ತುಂಬಾ ಕೋಪ ಇತ್ತು ನಂಗೆ. ನಮ್ಮ ಮಕ್ಕಳು ಹುಟ್ಟಿದ ಮೇಲೆ ಹೋಯ್ತು ಆ ಕೋಪ. ಹೋಯ್ತು ಅಂತ ಅವರಿಗೆ ಹೇಳಲೇ ಇಲ್ಲ. ಹೇಗೆ ಹೇಳ್ಬೇಕು? ಕನ್ನಡದಲ್ಲಿ ಬರಲ್ಲ. ತೆಲುಗಲ್ಲಿ ಹೇಳಿದ್ರೆ ಅವರು ಸರೇ ಸರೇ ಅಂದುಬಿಡ್ತಾರೆ.”

ಏಳು ಗಂಟೆಯ ಹೊತ್ತಿಗೆ ಇಬ್ಬರು ಮಕ್ಕಳೂ ಟ್ಯೂಷನ್ನಿನಿಂದ ಬಂದರು. ಗವರ್ನರ್‌ಪೇಟೆಯ ಸಗಟು ಅಂಗಡಿಯೊಂದರಲ್ಲಿ ಕೆಲಸ ಮಾಡುವ ಗಂಡ ಸೂರ್ಯಪ್ರಕಾಶ ಸೈಕಲ್ ಎತ್ತಿ ಜಗಲಿಗೆ ಇಟ್ಟು ಒಳಗೆ ಬಂದು, ನನಗೆ ನಮಸ್ಕಾರ ಹೇಳಿ, ಗಡಿಯಾರ ನೋಡಿ, ಫೋನಿನ ಹತ್ತಿರದ ಸ್ಟೂಲನ್ನು ಹೆಂಡತಿಗೆ ಸರಿಸಿಕೊಟ್ಟರು. ದಿನಾ ಇದೇ ಹೊತ್ತಿಗೆ ಮುನಿಯಪ್ಪ ಎಸ್‌ಟಿಡಿ ಬೂತಿನಿಂದ ಫೋನ್ ಮಾಡುತ್ತಾರಂತೆ. ಮಾತು ಎನ್ನುವಂಥದ್ದೇನೂ ಇಲ್ಲ. ಎಲ್ಲರೂ ಮನೆಗೆ ಬಂದರಾ ಎಂದು ತೆಲುಗಿನಲ್ಲಿ ಕೇಳುತ್ತಾರೆ. ಬಂದರು ನಾನ್ನಾ ಎಂದು ಇವರು ಹೇಳುತ್ತಾರೆ. ಸರೇ ಎಂದು ಇಟ್ಟುಬಿಡುತ್ತಾರೆ. ಈ ಮನೆಗೆ ಫೋನು ಬಂದ ದಿನದಿಂದ ಒಂದು ದಿನವೂ ತಪ್ಪಿಲ್ಲ. ಮುನಿಯಪ್ಪ ಇದನ್ನು ನನ್ನೆದುರು ಬಾಯಿಬಿಟ್ಟೇ ಇರಲಿಲ್ಲ.

ಫೋನು ಬಡಿದುಕೊಂಡಿತು. ರಾಜ್ಯಲಕ್ಷ್ಮಿ ರಿಸೀವರ್ ಎತ್ತಿದರು. ಆ ಕಡೆಯ ಪ್ರಶ್ನೆ ನನಗೆ ಕೇಳಿಸದಿದ್ದರೂ ಏನೆಂದು ಗೊತ್ತಿತ್ತು. ಮಕ್ಕಳತ್ತ ನೋಡಿದರು, ಗಂಡನತ್ತ ನೋಡಿದರು. ಆಮೇಲೆ ತೆಲುಗು ಬಿಟ್ಟು, ತಡವರಿಸುತ್ತಾ, ಒಂದೊಂದೇ ಮಾತು ಹುಡುಕಿ ಕನ್ನಡದಲ್ಲಿ ಹೇಳಿದರು.

“ಇಲ್ಲ ನಾನ್ನಾ. ಎಲ್ರೂ ಬಂದಿಲ್ಲ. ಒಬ್ರು ಇನ್ನೂ ಬರ್ಬೇಕು.”

ಆ ಕಡೆ ದನಿ ಏರಿದ್ದು ನನಗೂ ಕೇಳಿಸಿತು. ಯಾರು, ಯಾರು ಎನ್ನುತ್ತಿರಬೇಕು.

“ನೀವೇ. ನೀವು ಬಂದಿಲ್ಲ. ಹದಿನೈದು ವರ್ಷ ಆಯ್ತು, ಕಾಯ್ತಾ ಇದೀನಿ.”

ದುಡ್ಡು ಓಡುತ್ತಿದೆ, ಇಡು ಎಂದು ಆ ಕಡೆಯಿಂದ ಮುನಿಯಪ್ಪ ಹೇಳಿದಂತೆ ಕಾಣಲಿಲ್ಲ. ಕೊನೆಗೆ ರಾಜ್ಯಲಕ್ಷ್ಮಿ ಹೂಂ ಎಂದರು, ಮತ್ತೊಮ್ಮೆ ಹೂಂ ಎಂದರು, ರಿಸೀವರನ್ನು ಎರಡೂ ಕೈಯಿಂದ ಇಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಏನಂದರು ಎಂದು ಸೂರ್ಯಪ್ರಕಾಶ ಕೇಳಿದರು.

“ಒಂದನೇ ತಾರೀಖು ಗಾಡಿ ತಡ ಆಗ್ಬೋದು, ಬಾಗ್ಲು ಹಾಕ್ಬೇಡಮ್ಮ, ಅಂದ್ರು.”